ಹೊಸಗದ್ದೆಯ ಮಾದರಿ ರಾಜಿ

ಮೇಗುಂದ ಹೋಬಳಿಯ ಹೊಸಗದ್ದೆಯಲ್ಲಿ ಅಪರಾಧವೇ ಇಲ್ಲ. ಹೊಡೆತ ಉಂಟು, ಬಡಿತ ಉಂಟು, ಪೊಲೀಸ್ ಕೇಸು ಮಾತ್ರ ಇಲ್ಲ. ಏನೇ ಆದರೂ ಊರಿನ ಹಿರಿಯ ಹೂವಪ್ಪನವರು ಊರ ದೈವ ಭೂತಪ್ಪನ ಕಟ್ಟೆಯಲ್ಲಿ ತೀರ್ಮಾನ ಮಾಡುತ್ತಾರೆ. ತೀರ್ಮಾನ ಮುಗಿಯುವಷ್ಟರಲ್ಲಿ ಯಾರದೋ ಒಬ್ಬರ ಮಾನ ತೀರಿರುತ್ತದೆ, ಅಷ್ಟೇ.

ಇಂಥ ಊರನ್ನು ಹುಡುಕಿಕೊಂಡು ದೀಕ್ಷಾ ಬಂದಳು. ನರಸಿಂಹರಾಜಪುರದ ಕಡೆಯ ಹುಡುಗಿ. ಹಿಂಸೆಯನ್ನು ಸಮುದಾಯವೇ ಹೇಗೆ ತಡೆಯಬಹುದು ಎಂಬುದರ ಮೇಲೆ ಅವಳ ಸಂಶೋಧನೆ. ಹೂವಪ್ಪನವರಿಗೆ ಖುಷಿಯೋ ಖುಷಿ. ಸಂಶೋಧನೆ ಎಂದರೆ ಸನ್ಮಾನದ ಶಾಲಿಗೆ ಮೊದಲು ತೆಗೆದುಕೊಳ್ಳುವ ಅಳತೆ ಎಂದೇ ಅವರ ತಿಳಿವಳಿಕೆ.

"ನಮ್ಮಲ್ಲಿ ಮಾದರಿ ಕೇಸ್ ಉಂಟು ಮೇಡಂ. ನನ್ ತಮ್ಮನ ಮಗ ವಿಜಯ್, ಅವನ ಹೆಂಡತಿ ನಯನ. ಏನೋ ಸಣ್ಣ ಜಗಳ. ಕಟ್ಟೆಲಿ ಸರಿ ಮಾಡಿದ್ವಿ. ಈಗ ನೋಡಿ, ಹಾಲು ಜೇನು!"

ಜೇನು ಕಚ್ಚಿದ ಗುರುತು ನಯನಳ ಉದ್ದ ತೋಳಿನ ರವಿಕೆಯ ಒಳಗಿತ್ತು.

ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಕೊಪ್ಪಕ್ಕೆ ಹೋಗಿ ದೂರು ಕೊಡುವುದು, ಬಾಳಗಡಿಯ ಅಕ್ಕನ ಮನೆ ಸೇರುವುದು. ಆದರೆ ಕಟ್ಟೆಯ ಪದ್ಧತಿ ಬಿಗಿ. ಭೂತಪ್ಪನ ಮುಂದೆ ದೀಪ ಹಚ್ಚಿ, "ಒಪ್ಪಿಗೆಯಾ?" ಎಂದು ಕೇಳಿ ವೀಳ್ಯ ಕೊಡುತ್ತಾರೆ. ಕೈಯಲ್ಲಿ ಇಟ್ಟುಕೊಂಡರೆ ರಾಜಿ, ಮುರಿದವರನ್ನು ಭೂತಪ್ಪ ನೋಡಿಕೊಳ್ಳುತ್ತಾನೆ. ಎಲೆಯನ್ನು ಹರಿವಾಣದಲ್ಲಿ ಮಗುಚಿ ಇಟ್ಟರೆ ರಾಜಿ ಇಲ್ಲ. ಅಂಥವರು ಎಲ್ಲಿಗೆ ಹೋದರೂ ಯಾರೂ ತಡೆಯುವಂತಿಲ್ಲ. ಹೆಂಗಸರಾದರೆ ಅವರ ಪರವಾಗಿ ಮನೆಯ ಹಿರಿಯರು ವೀಳ್ಯ ಹಿಡಿಯುವುದು ವಾಡಿಕೆ. ನಯನಳ ಪರವಾಗಿ ಪ್ರತಿಸಲವೂ ಹಿಡಿದದ್ದು ಅತ್ತೆ ಗಿರಿಯಮ್ಮ. ಪೆಟ್ಟು ಸೊಸೆಯದು, ಒಪ್ಪಿಗೆ ಅತ್ತೆಯದು.

ಅಲ್ಲಿಂದ ಮುಂದೆ ಊರಿನ ಆಟೋ ಕೂಡ ಅವಳನ್ನು ಹತ್ತಿಸಿಕೊಳ್ಳಲಿಲ್ಲ. ಫೋನು ವಿಜಯನ ಜೇಬಿನಲ್ಲಿ. ಬಸ್ಸಿಗೆ ನಿಂತರೆ ಯಾರಾದರೂ ಬಂದು ಪ್ರೀತಿಯಿಂದ ವಿಚಾರಿಸಿ, ಮನೆಯ ಬಾಗಿಲ ತನಕ ಬಿಟ್ಟುಹೋಗುತ್ತಿದ್ದರು. ಎಷ್ಟು ಕಾಳಜಿಯ ಊರು!

"ನಯನಾ ಅವರ ಹತ್ರ ನಾನೊಬ್ಳೇ ಮಾತಾಡ್ಬೇಕಿತ್ತು" ಎಂದಳು ದೀಕ್ಷಾ.

"ಒಬ್ರೇ ಎಂತಕ್ಕೆ ಮೇಡಂ?" ಹೂವಪ್ಪ ನಕ್ಕರು. "ನಿಮ್ದು ಸಮುದಾಯದ ರಿಸರ್ಚ್ ಅಲ್ದಾ? ಸಮುದಾಯನೇ ಕಟ್ಟೆಲಿ ಕೂತಿದೆ, ಕೇಳಿ."

"ನಯನಾ ಅವರೇ, ಆರಾಮಾಗಿದೀರಾ?"

"ಆರಾಮಾಗಿದಾಳೆ" ಎಂದ ವಿಜಯ್.

"ಊಟ ತಿಂಡಿಗೆ ಎಂತ ಕಮ್ಮಿ ಆಗಿದೆ?" ಎಂದರು ಗಿರಿಯಮ್ಮ.

ನಯನ ಬಾಯಿ ತೆರೆದಳು. "ಅವಳಿಗೆ ನಾಚಿಕೆ" ಎಂದು ಹೂವಪ್ಪ ಅದನ್ನು ಮುಚ್ಚಿದರು.

ದೀಕ್ಷಾ ಆ ಉದ್ದ ತೋಳನ್ನೇ ನೋಡುತ್ತಿದ್ದಳು. ಸುಡುವ ಸೆಕೆ, ಊರಿನ ಗಂಡಸರೆಲ್ಲ ಬನಿಯನ್ನಿನಲ್ಲಿದ್ದರು.

"ಹಾಗಾದ್ರೆ ರಾಜಿ ಹೆಂಗೆ ಮಾಡ್ತೀರಿ ಅಂತ ತೋರ್ಸಿ. ವಿಡಿಯೋ ಮಾಡ್ಕೊಳ್ತೀನಿ."

ವಿಡಿಯೋ ಎಂದ ಕೂಡಲೇ ಹೂವಪ್ಪ ಮನೆಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. "ದೀಪ ಇಲ್ದಿದ್ರೆ ಚಂದ ಬರದಿಲ್ಲ" ಎಂದು ತಾವೇ ಎಣ್ಣೆ ಹೊಯ್ದು ಬತ್ತಿ ಹಚ್ಚಿದರು. ಗಿರಿಯಮ್ಮ ಅಭ್ಯಾಸದಂತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಅಮ್ಮ, ನೀವು ಬೇಡ" ಎಂದಳು ದೀಕ್ಷಾ. "ಅವರೇ ತಗೊಳ್ಲಿ. ರಾಜಿ ಯಾರದ್ದು ಅಂತ ನೋಡೋರಿಗೆ ಗೊತ್ತಾಗ್ಬೇಕಲ್ಲ."

"ಹೌದೌದು, ಅವಳೇ ಬರ್ಲಿ. ಮುಖ ಈಚೆ ಮಾಡು ಮಾರಾಯ್ತಿ, ಫೋನು ಇಲ್ಲುಂಟು." ಹೂವಪ್ಪ ಗಂಟಲು ಸರಿಮಾಡಿಕೊಂಡು ವೀಳ್ಯ ಚಾಚಿದರು. "ಒಪ್ಪಿಗೆಯಾ?"

ನಯನ ಎಲೆ ತೆಗೆದುಕೊಂಡಳು. ಹರಿವಾಣದಲ್ಲಿ ಅದನ್ನು ಮಗುಚಿ ಇಟ್ಟಳು.

"ಇಲ್ಲ ಮಾವ."

"ಕಟ್, ಕಟ್! ತಪ್ಪಾಯ್ತು" ಎಂದರು ಹೂವಪ್ಪ. "ಇನ್ನೊಂದ್ಸಲ ತೆಗೀರಿ ಮೇಡಂ."

"ತಪ್ಪಲ್ಲ ಮಾವ. ದೀಪ ಹಚ್ಚಿದ್ದು ನೀವೇ, ಕೇಳಿದ್ದೂ ನೀವೇ."

"ಏ, ಇದು ನಾಟಕ ಮಾರಾಯ್ತಿ!"

ಮಾತು ಬಾಯಿಂದ ಜಾರಿದ ಮೇಲೆ ಹೂವಪ್ಪನವರಿಗೆ ಅದರ ತೂಕ ತಿಳಿಯಿತು. ಹಿಂದೆ ಕೂತಿದ್ದ ರೈತನೊಬ್ಬ ಎದ್ದುನಿಂತ. ಹೋದ ವರ್ಷ ಇದೇ ಕಟ್ಟೆಯಲ್ಲಿ ಅವನು ಬೇಲಿಯ ಜಾಗ ಬಿಟ್ಟುಕೊಟ್ಟಿದ್ದ.

"ದೀಪದ ಮುಂದೆ ನಾಟಕನಾ ಹೂವಣ್ಣ? ಹಂಗಾದ್ರೆ ನನ್ ಬೇಲಿದು ಎಂತ? ಅದೂ ನಾಟಕನಾ?"

"ಸುಮ್ನಿರೋ!" ಎಂದು ಗದರಿದ್ದು ಗಿರಿಯಮ್ಮ. ಭಯದಿಂದ ಅವರ ಮುಖ ಬಿಳಿಚಿತ್ತು. "ಭೂತಪ್ಪ ಕೇಳಿಸ್ಕೊಂಡಾಯ್ತು. ನನ್ನ ಮನೆಗೆ ಕಾಟ ಬೇಡ. ಬಿಡ್ರೋ ಅವಳನ್ನ."

ಇದನ್ನು ನಿಜ ಎಂದರೆ ಸೊಸೆ ಹೊರಟಳು. ಸುಳ್ಳು ಎಂದರೆ ಇಡೀ ಕಟ್ಟೆಯೇ ಹೊರಟಿತು. ಊರನ್ನೆಲ್ಲ ಕಟ್ಟಿಹಾಕಿದ್ದ ಹೂವಪ್ಪ ಇಸ್ತ್ರಿ ಅಂಗಿಯೊಳಗೇ ಸಿಕ್ಕಿಬಿದ್ದಿದ್ದರು. ವಿಜಯ್ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ದೀಪ ನೋಡಿದರು.

"ನನ್ ಫೋನು" ಎಂದು ನಯನ ಕೈ ಚಾಚಿದಳು.

ವಿಜಯ್ ಕೊಟ್ಟ. "ಎಲ್ಲಿಗೆ ಹೋದ್ರೂ ಬರೋದು ಇಲ್ಲಿಗೇ" ಎಂದ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ದೀಕ್ಷಾಳ ಕಾರು ಹರಿಹರಪುರ ದಾಟುವ ತನಕ ನಯನ ಹಿಂದಿನ ಗಾಜನ್ನೇ ನೋಡುತ್ತಿದ್ದಳು. ಬೈಕಿನ ಸದ್ದಾದರೆ ಸಾಕು, ತಲೆ ತಗ್ಗಿಸುತ್ತಿದ್ದಳು.

"ಅಕ್ಕನ ಮನೆಗಾ?"

"ಮೊದ್ಲು ಸ್ಟೇಷನ್ನಿಗೆ." ಆಮೇಲೆ ಕೇಳಿದಳು: "ಅಲ್ಲೂ ಹೊಂದ್ಕೊಂಡು ಹೋಗಮ್ಮ ಅಂದ್ರೆ ಎಂತ ಮಾಡದು?"

"ನಾನೂ ಒಳಗೆ ಬರ್ತೀನಿ" ಎಂದಳು ದೀಕ್ಷಾ.

ನಯನ ಹೂಂ ಎಂದು ತಲೆಯಾಡಿಸಿದಳು. ಬಾಗಿಲ ಲಾಕನ್ನು ಒತ್ತಿ ಹಿಡಿದಿದ್ದ ಕೈಯನ್ನು ಮಾತ್ರ ತೆಗೆಯಲಿಲ್ಲ.