ಒಳಗೆ ಬಿಟ್ಟ ಬಟ್ಟೆ

ಊರಿನ ಪಂಪು ಕಾರ್ಖಾನೆ ಮೂರು ಪಾಳಿ ಓಡಿತೆಂದರೆ ಅತ್ತಿಗೆಗೆ ಸುಗ್ಗಿ, ನಾದಿನಿಗೆ ನೊಣ ಹೊಡೆಯುವ ಕೆಲಸ. ಅದೇ ಕಾರ್ಖಾನೆ ಒಂದು ಪಾಳಿಗೆ ಇಳಿಯಿತೋ, ಎಲ್ಲ ಉಲ್ಟಾ. ಯಾಕೆಂದರೆ ಅತ್ತಿಗೆ ಹೊಸ ಬಟ್ಟೆ ಹೊಲಿಯುವವಳು, ನಾದಿನಿ ಹಳೆಯದನ್ನು ಬಿಚ್ಚಿ ಸರಿಮಾಡುವವಳು. ಕೈ ಬಿಸಿಯಿದ್ದಾಗ ಜನ ಹೊಸ ಪ್ಯಾಂಟು ಹೊಲಿಸುತ್ತಾರೆ. ಕೈ ಒಣಗಿದಾಗ ಅದೇ ಪ್ಯಾಂಟು ಹಿಡಿದುಕೊಂಡು, "ಸ್ವಲ್ಪ ಸಡಿಲ ಮಾಡಿಕೊಡಮ್ಮ" ಅಂತ ಬರುತ್ತಾರೆ. ಸಂಬಳ ಇಳಿದರೂ ಹೊಟ್ಟೆ ಇಳಿಯಬೇಕಲ್ಲ!

ಇಬ್ಬರಿಗೂ ಸೇರಿ ಒಂದೇ ಅಂಗಡಿ, ನಡುವೆ ಒಂದು ಪರದೆ. ನಾದಿನಿಯ ಅಪ್ಪ ಬದುಕಿದ್ದಾಗಲೇ ಪರದೆ ಬೇಕಾದಲ್ಲಿ ಸಿಕ್ಕಿಸಲು ಎರಡೂ ಗೋಡೆಗೆ ಸಾಲಾಗಿ ಕೊಕ್ಕೆ ಹೊಡೆದು, "ಯಾರಿಗೆ ಗಿರಾಕಿ ಜಾಸ್ತಿಯೋ ಅವರಿಗೆ ಜಾಗ ಜಾಸ್ತಿ. ಸೋಮವಾರ ಬೆಳಿಗ್ಗೆ ಪರದೆ ಸರಿಸಿಕೊಳ್ಳಿ, ಮುಖ ಊದಿಸಿಕೊಳ್ಳಬೇಡಿ" ಅಂತ ಕಟ್ಟಪ್ಪಣೆ ಮಾಡಿದ್ದ.

ಈ ವರ್ಷ ಕಾರ್ಖಾನೆಗೆ ಎಲ್ಲಿಲ್ಲದ ಆರ್ಡರು. ಪರದೆ ಸರಿದು ಸರಿದು ನಾದಿನಿಗೆ ಉಳಿದದ್ದು ಒಂದು ಸ್ಟೂಲು, ಒಂದು ಮಿಷನ್ನು, ಅರ್ಧ ಕಿಟಕಿ. ಮುಖ ಊದಿಸಿಕೊಳ್ಳಬಾರದು ಅಂದರೆ ಊದದೇ ಇರುತ್ತದೆಯೇ? ಹಿಂದಿನ ಸಲ ಕಾರ್ಖಾನೆ ಮಲಗಿದಾಗ ಊರಿಗೆ ಊರೇ ತನ್ನ ಮುಂದೆ ಸಾಲು ನಿಂತಿತ್ತು. ಯಾರ ಬಟ್ಟೆ ಬಂದರೂ ಬಿಚ್ಚಿ ದೊಡ್ಡದು ಮಾಡಿಕೊಟ್ಟಿದ್ದಳು. "ನನ್ನ ಕೈಗುಣ ಅಂಥದ್ದು" ಅಂತ ಬೀಗಿದ್ದೇ ಬೀಗಿದ್ದು. ಈಗ ಆ ಕೈಗುಣವನ್ನು ಕೇಳುವವರೇ ಇಲ್ಲ.

ಅಷ್ಟರಲ್ಲಿ ಕಾರ್ಖಾನೆಯವರೇ ಕರೆದರು. ಕೈಗವಸು ಹೊಲಿಯುವ ಕೆಲಸ, ಪಕ್ಕಾ ನೌಕರಿ, ಸೋಮವಾರ ಸಂಜೆಯೊಳಗೆ ಹೂಂ ಅನ್ನಬೇಕು. ಹೂಂ ಅಂದರೆ ಅಪ್ಪನ ಅಂಗಡಿಯಲ್ಲಿ ಅವಳ ಮೂಲೆ ಮುಗಿದಂತೆಯೇ. ಅತ್ತಿಗೆಗೂ ಅದೇ ಬೇಕಿರಬೇಕು ಅಂದುಕೊಂಡಳು. ಅಂದುಕೊಂಡಾಗ ಅಳುವೇ ಬಂತು.

ಸೋಮವಾರ ಅತ್ತಿಗೆ ಪರದೆಯ ಮೇಲಿಂದ ಒಂದು ರಾಶಿ ಹೊಸ ಪ್ಯಾಂಟು ಎಸೆದಳು. "ಸುಮ್ಮನೆ ಕೂತಿದ್ದೀಯಲ್ಲ, ಕಾಲಿನ ಅಂಚು ಮಡಿಸಿಕೊಡು. ನನಗೆ ಕೈ ಸಾಲ್ತಿಲ್ಲ."

ನಾದಿನಿ ಒಂದನ್ನು ಒಳಹೊರಗು ತಿರುಗಿಸಿದಳು. ಸೊಂಟದ ಹಿಂದೆ, ತೊಡೆಯ ಪಕ್ಕದಲ್ಲಿ, ಹೊಲಿಗೆಯ ಒಳಗೆ ಅತ್ತಿಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು. ಇನ್ನೊಂದು ನೋಡಿದಳು, ಅದೂ ಹಾಗೆಯೇ. ಸಿಕ್ಕಿದಳಲ್ಲ ಕೈಗೆ!

ಪರದೆ ಸರ‍್ರನೆ ಎಳೆದು ಕೇಳಿದಳು: "ಏನತ್ತಿಗೆ ಇದು? ಇಷ್ಟು ಬಟ್ಟೆ ಒಳಗೆ ಸೇರಿಸಿದ್ದೀರಿ! ಕತ್ತರಿಸಿದ್ದರೆ ಮಕ್ಕಳ ಚಡ್ಡಿಯೇ ಆಗ್ತಿತ್ತು. ದಂಡ!"

ಅತ್ತಿಗೆ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದಳು. "ದಂಡ ಅಲ್ಲ, ಅದು ನಿನ್ನ ಪಾಲು."

"ಅಂದ್ರೆ?"

"ಕಾರ್ಖಾನೆ ಯಾವತ್ತೂ ಹೀಗೇ ಓಡುತ್ತಾ? ನಾಳೆ ಮಲಗುತ್ತೆ. ಆಗ ಇವರೆಲ್ಲ ನಿನ್ನ ಹತ್ತಿರಾನೇ ಬರಬೇಕು. ಒಳಗೆ ಬಟ್ಟೆ ಇಲ್ದಿದ್ರೆ ನೀನು ಏನು ಬಿಚ್ಚಿ ಏನು ದೊಡ್ಡದು ಮಾಡ್ತೀಯ? ಆವಾಗ ನಮ್ಮ ಮನೆ ಒಲೆ ಉರಿಸೋಳು ನೀನೇ ತಾನೇ?"

ನಾದಿನಿ ಕೈಯಲ್ಲಿದ್ದ ಪ್ಯಾಂಟನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. "ಹಾಗಾದ್ರೆ ಹೋದ ಸಲ… ನನ್ನ ಕೈಗುಣ?"

"ನಿನ್ನ ಕೈಗುಣಾನೇ ಬಿಡು," ಅತ್ತಿಗೆ ನಕ್ಕಳು. "ನನ್ನ ಕತ್ತರಿ ಸ್ವಲ್ಪ ಜೊತೆಗಿತ್ತು, ಅಷ್ಟೇ."

ನಾಚಿಕೆಯೂ ನಗುವೂ ಒಟ್ಟಿಗೇ ಬಂದು ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸಂಜೆ ಕಾರ್ಖಾನೆಯ ಗೇಟಿಗೆ ಹೋಗಿ, ಬರುವುದಿಲ್ಲ ಅಂತ ಹೇಳಿ ಬಂದಳು. ಬಂದವಳೇ ಅತ್ತಿಗೆಯ ಮೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಳು.

"ಅತ್ತಿಗೆ, ಇನ್ಮೇಲೆ ಸೊಂಟಕ್ಕೆ ಇನ್ನೊಂದಿಂಚು ಜಾಸ್ತಿ ಬಿಡಿ."

"ಯಾಕೇ?"

"ಗೇಟಿನ ಹತ್ತಿರ ನೋಡಿಕೊಂಡು ಬಂದೆ. ಈ ಸಲ ಓವರ್‌ಟೈಮ್ ದುಡ್ಡೆಲ್ಲ ಹೊಟ್ಟೆಗೇ ಹೋಗ್ತಿದೆ."