ಹೊಳೆ ಅಳೆಯುವ ಯಂತ್ರ

ಹಿಡಿಕೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಜೀರಸಾಬ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಂಗೈಯಲ್ಲಿ ಮುಚ್ಚಿಡುವಷ್ಟು ಸಣ್ಣದಾದ ಆ ದಾರ ಸುತ್ತುವ ಹಿತ್ತಾಳೆ ರೀಲನ್ನು ಬೆಳಕಿಗೆ ಹಿಡಿದ. ಹಲ್ಲುಗಾಲಿಗಳ ಸಂದಿಯಲ್ಲೆಲ್ಲ ಕಂದು ಗಸಿ ಒಣಗಿ ಕಲ್ಲಾಗಿತ್ತು. ಮೂಸಿ ನೋಡಿದ. ಹುಣಸೆಹಣ್ಣು.

"ಏನು ಹಚ್ಚಿ ತಿಕ್ಕೀರಿ ಬಾಯಾರ ಇದನ್ನ?" ಗೊತ್ತಿದ್ದೂ ಕೇಳಿದ.

"ಹುಣಸಿಹಣ್ಣು, ಬೂದಿ. ಹಿತ್ತಾಳಿ ಸಾಮಾನಿಗೆ ಮತ್ತೇನು ಹಚ್ತಾರ?" ಎಂದರು ಅನಸೂಯಾಬಾಯಿ. ತಲೆ ತುಂಬ ಸೆರಗು ಹೊದ್ದು, ಗಡಿಯಾರದಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದರು. ಅವರು ತಂದಿದ್ದ ಕೈಚೀಲದಲ್ಲಿ ಇಂಥವೇ ಇನ್ನೂ ಐದು ರೀಲುಗಳಿದ್ದವು. "ಹೋದ ವರ್ಷ ಸೂತಕ, ಹಬ್ಬ ಮಾಡಲಿಲ್ಲ. ಈ ಸಲ ದಸರಿ ಖಂಡೆ ಪೂಜಿಗೆ ಇವನ್ನೂ ದೇವರ ಮುಂದ ಇಡಬೇಕಂತ ಮಾಡೇನಿ. ಮನಿಯವರ ಹತಾರು ಹಿಂಗ ಸತ್ತು ಬಿದ್ದಿರಬಾರದು ನೋಡ್ರಿ. ತಿರುಗಬೇಕು. ಸಪ್ಪಳ ಬರಬೇಕು."

ದೇವರ ಮುಂದೆ ಎಂಬ ಮಾತು ಕೇಳಿ ನಜೀರಸಾಬ ಭೂತಗನ್ನಡಿ ಕಳಚಿ ಕೆಳಗಿಟ್ಟ.

"ಹೊಳಿ ಆಳ ಅಳೆಯೋ ಯಂತ್ರ ಅಲ್ಲೇನ್ರಿ ಇವು?" ಎಂದರು ಬಾಯಿಯವರು, ಅವನ ಮುಖವನ್ನೇ ನೋಡುತ್ತ.

"ಹೌದ್ರಿ," ಎಂದ ನಜೀರಸಾಬ. ಐದು ಹೊತ್ತು ನಮಾಜು ಮಾಡುವ ಬಾಯಿ. ಸುಳ್ಳು ಹೇಳುವಾಗ ಒಣಗಿಹೋಯಿತು.

ಈ ಸುಳ್ಳಿನಲ್ಲಿ ಅರ್ಧ ಪಾಲು ಅವನದೇ. ಬಾಯಿಯವರ ಯಜಮಾನರು, ಓವರ್‌ಸಿಯರ್ ಅನಂತರಾಯರು, ಹೊಳೆ, ಕಾಲುವೆ ಎಂದು ಊರೂರು ಸುತ್ತಿದವರು. ಅವರ ಮೇಲಿನ ಬಿಳಿ ಸಾಹೇಬನಿಗೆ ಗಾಳ ಹಾಕುವ ಹುಚ್ಚು. ದೇಶ ಬಿಟ್ಟು ಹೋಗುವಾಗ, ಸಣ್ಣ ಮೀನಿಗೆಂದು ವಿಲಾಯತಿಯಿಂದ ತರಿಸಿದ್ದ ಈ ಹಗುರ ರೀಲುಗಳನ್ನು ರಾಯರ ಮಡಿಲಿಗೆ ಹಾಕಿದ. ರೀಲಿನ ಜೊತೆಗೆ ಹುಚ್ಚನ್ನೂ ಹಾಕಿ ಹೋದ! ಬೆಳ್ಳುಳ್ಳಿ ಕೂಡ ಒಳಗೆ ಬರದ ಮನೆ ರಾಯರದು. ತಾಯಿಯ ಮಡಿಗೆ ಇಡೀ ಓಣಿಯೇ ಹೆದರುತ್ತಿತ್ತು. ಅಂಥ ಮನೆಗೆ ಇವನ್ನು ಒಯ್ಯುವಾಗ, ಹೊಳೆ ಅಳೆಯುವ ಸರಕಾರಿ ಯಂತ್ರವೆಂದು ರಾಯರು ಹೇಳಿಬಿಟ್ಟರು. ರಜೆ ಬಂತೆಂದರೆ ರಾಯರೂ ನಜೀರಸಾಬನೂ ಘಟಪ್ರಭೆಯ ದಂಡೆಗೆ ಹೋಗುವರು. ಕೆಲವೊಮ್ಮೆ ಕುಳಗೇರಿ ಕ್ರಾಸಿನಲ್ಲಿ ಮೋಟಾರು ಇಳಿದು ಮಲಪ್ರಭೆಯ ತನಕ ನಡೆಯುವರು. ಬಗಲಿಗೆ ಬಗಲು ಹಚ್ಚಿ ಕೂತವರಿಗೆ ಹೊತ್ತು ಮುಳುಗಿದ್ದೇ ತಿಳಿಯುತ್ತಿರಲಿಲ್ಲ.

"ನಮ್ಮಾಕಿ ಹುಣಸಿಹಣ್ಣು ಹಚ್ಚಿ ತಿಕ್ಕಿಬಿಡ್ತಾಳೋ ನಜೀರ್ಯಾ," ಎಂದು ರಾಯರು ಆಗಾಗ ಗೋಳಾಡುತ್ತಿದ್ದರು. "ಗಾಲಿ ತಿಂದು ಹೋಗ್ತಾವ. ಬ್ಯಾಡ ಅಂದ್ರ ಯಾಕಂತ ಕೇಳ್ತಾಳ. ಏನು ಹೇಳ್ಲೋ?" ನಜೀರಸಾಬ ಹೊಟ್ಟೆ ಹಿಡಿದು ನಗುತ್ತಿದ್ದ, ಆಮೇಲೆ ರೀಲು ಬಿಚ್ಚಿ ತೊಳೆದು ಎಣ್ಣೆ ಬಿಡುತ್ತಿದ್ದ. ರಾಯರು ತೀರಿಕೊಂಡ ಮೇಲೆ ತಿಕ್ಕುವವರು ಉಳಿದರು, ಎಣ್ಣೆ ಬಿಡುವವನ ಹತ್ತಿರ ತರುವವರು ಉಳಿಯಲಿಲ್ಲ.

ಈಗ ನಗು ಬರಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ರಾಯರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಆದರೆ ಮೀನು ಹಿಡಿದ ಗಾಲಿಗಳನ್ನು ಬಾಯಿಯವರು ಗೊತ್ತಿಲ್ಲದೆ ತಮ್ಮ ದೇವರ ಮುಂದಿಟ್ಟು ಕೈಮುಗಿಯುವುದೆಂದರೆ? ದೇವರು ಯಾರದಾದರೇನು, ಅದು ಮೋಸವೇ. ಆ ಮೋಸಕ್ಕೆ ತಾನು ಎಣ್ಣೆ ಹಾಕುತ್ತಿದ್ದೇನೆ ಅನ್ನಿಸಿತು ಅವನಿಗೆ.

ಕೆಲಸವನ್ನೇನೋ ಪ್ರೀತಿಯಿಂದಲೇ ಮಾಡಿದ. ರೀಲುಗಳನ್ನು ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದ. ಗಸಿ ಮೆತ್ತಗಾದ ಮೇಲೆ ಹಲ್ಲುಹಲ್ಲನ್ನೂ ಸೂಜಿಯಿಂದ ಕೆದರಿ ತೆಗೆದ. ಎಲ್ಲಕ್ಕೂ ಸಣ್ಣ ರೀಲು ರಾಯರಿಗೆ ಬಲು ಅಚ್ಚುಮೆಚ್ಚಿನದು. ಮೀನು ದಾರ ಎಳೆದಾಗ ಕಿರ್‍ರ್ ಎನ್ನುವುದಕ್ಕೆ ಅದರೊಳಗೆ ಒಂದು ಉಕ್ಕಿನ ನಾಲಿಗೆಯಿತ್ತು. ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಹುಳಿಗೆ ಸಿಕ್ಕು ಪುಡಿಪುಡಿಯಾಗಿತ್ತು. ಒಂದು ಕೆಟ್ಟ ಟೈಂಪೀಸಿನ ಸ್ಪ್ರಿಂಗು ಕತ್ತರಿಸಿ, ಕಾಸಿ, ಬಗ್ಗಿಸಿ ಕೂಡಿಸಿದ. ಮೊದಲನೆಯದು ಮುರಿಯಿತು, ಎರಡನೆಯದು ಬಿಗಿಯಾಯಿತು. ಮೂರನೆಯದನ್ನು ಕೂಡಿಸಿ ಹಿಡಿಕೆ ತಿರುವಿದಾಗ ಅಂಗಡಿ ತುಂಬ ಆ ಸಪ್ಪಳ ಎದ್ದಿತು. ಪಕ್ಕದಲ್ಲಿ ರಾಯರು ಮಾತ್ರ ಇರಲಿಲ್ಲ.

ಹಬ್ಬದ ಮುಂಚಿನ ದಿನ ಮಧ್ಯಾಹ್ನ ಚೀಲ ಹಿಡಿದು ರಾಯರ ಮನೆಗೆ ಹೋದ. ಬಾಯಿಯವರು ಹೊಸ್ತಿಲ ಒಳಗೆ ಕೂತರು, ಇವನು ಹೊರಗೆ ಕಟ್ಟೆಯ ಮೇಲೆ. ಒಂದೊಂದಾಗಿ ರೀಲುಗಳನ್ನು ಸಾಲಾಗಿ ಇಟ್ಟ. ಬಂಗಾರ ಹೊಳೆದಂತೆ ಹೊಳೆಯುತ್ತಿದ್ದವು.

"ಬಾಯಾರ, ಒಂದು ಮಾತು," ಎಂದ, ತಲೆ ತಗ್ಗಿಸಿ. "ಇವನ್ನ ದೇವರ ಮುಂದ ಇಡಬ್ಯಾಡ್ರಿ."

"ಯಾಕ?"

"ಇವು ಹೊಳಿ ಅಳೆಯೂವಲ್ರಿ. ರಾಯರು... ಇವು ಗಾಳದವ್ರಿ. ಮೀನಿನವು. ನನ್ನ ಮಾಫ್ ಮಾಡ್ರಿ."

ಅನಸೂಯಾಬಾಯಿ ಬಾಗಿ ಒಂದು ರೀಲನ್ನು ಎತ್ತಿಕೊಂಡರು, ಸೆರಗಿನಿಂದ ಒರೆಸಿದರು.

"ಹುಣಸಿಹಣ್ಣು ಯಾಕ ಹಚ್ತಿದ್ದೆ ಅಂತ ತಿಳಿದೀರಿ ನೀವು?" ಎಂದರು. "ಹೊಳಪಿಗೇನು? ವಾಸನಿಗೆ ಹಚ್ತಿದ್ದೆ. ಮದಲನೇ ಸಲ ಅವರು ಮನಿಗೆ ತಂದ ದಿನಾನ ಚೀಲ ಬಿಚ್ಚಿದ ಕೂಡಲೇ ಮೂಗಿಗೆ ಬಡೀತು. ಒಳಗ ಅತ್ತಿಯವರು ಜಪಕ್ಕ ಕೂತಿದ್ರು. ಅವರ ಮೂಗು ಭಾಳ ಚುರುಕು. ಹಿತ್ತಲಕ್ಕ ಒಯ್ದು ಗಸಗಸ ತಿಕ್ಕಿಬಿಟ್ಟೆ. ಅವತ್ತಿನಿಂದ ಇವರು ಹೊಳಿಗೆ ಹೋಗಿ ಬಂದಾಗೊಮ್ಮೆ ತಿಕ್ಕೋದ ಕೆಲಸ. ಅತ್ತಿಯವರು ತೀರಿಕೊಂಡ ಮ್ಯಾಲೂ ಕೈ ಬಿಡಲಿಲ್ಲ."

ನಜೀರಸಾಬ ಸಾಲಾಗಿಟ್ಟ ರೀಲುಗಳನ್ನು ಮತ್ತೊಮ್ಮೆ ನೋಡಿದ. ಹೆಂಡತಿಗೆ ಗೊತ್ತಾದೀತೆಂದು ಹುಣಸೆಹಣ್ಣನ್ನು ಸಹಿಸಿಕೊಂಡ ಗಂಡ, ಅತ್ತೆಗೆ ಗೊತ್ತಾದೀತೆಂದು ಹುಣಸೆಹಣ್ಣು ಹಚ್ಚಿದ ಹೆಂಡತಿ! ಇಬ್ಬರ ನಡುವೆ ಸಿಕ್ಕು ಸವೆದದ್ದು ಮಾತ್ರ ವಿಲಾಯತಿ ಗಾಲಿ.

"ರಾಯರಿಗೆ ಒಂದ ಮಾತು ಹೇಳಬಾರದಿತ್ತೇನ್ರಿ?"

"ಹೇಳಿದ್ರ ಬಿಟ್ಟುಬಿಡ್ತಿದ್ರು," ಎಂದರು ಬಾಯಿಯವರು. "ಹೊಳಿಯಿಂದ ಬಂದ ದಿನ ಅವರ ಮಾರಿ ನೀವು ನೋಡಿಲ್ಲ. ನಾ ನೋಡೇನಿ." ಆಮೇಲೆ ಹೆದರಿ ಹೆದರಿ ಕೇಳಿದರು. "ಒಂದು ಖರೆ ಹೇಳ್ರಿ. ಹಿಡಿದದ್ದನ್ನ ಹೊಳಿಗೇ ಬಿಡ್ತಿದ್ರೋ ಏನು?"

ಹೂಂ ಅನ್ನುವುದು ಬಹಳ ಸುಲಭವಿತ್ತು. ಆ ಮುಖದಲ್ಲಿದ್ದ ಆಸೆ ನೋಡಿದರೆ ಹೂಂ ಅನ್ನಲೇಬೇಕಿತ್ತು. ಆದರೆ ನಜೀರಸಾಬನಿಗೆ ಇನ್ನೊಂದು ಸುಳ್ಳು ಗಂಟಲು ದಾಟಲಿಲ್ಲ.

"ಇಲ್ರಿ. ನನ್ನ ಚೀಲಕ್ಕ ಹಾಕ್ತಿದ್ರು. ಆವಾಗ ನನ್ನ ಅಂಗಡಿ ನಡೀತಿದ್ದಿಲ್ಲ. ಮನ್ಯಾಗ ಹುಡುಗ್ರು ಸಣ್ಣವು. ಉಂಡಾವ್ರಿ."

ಬಾಯಿಯವರು ಕಣ್ಣು ಮುಚ್ಚಿದರು. ತುಟಿ ಅಲುಗಿತು, ದೇವರ ಹೆಸರೋ ಗಂಡನ ಹೆಸರೋ ಕೇಳಿಸಲಿಲ್ಲ. ಕಣ್ಣು ತೆರೆದಾಗ ರೆಪ್ಪೆಗಳು ಒದ್ದೆಯಾಗಿದ್ದವು, ದನಿ ಮಾತ್ರ ನೆಟ್ಟಗಿತ್ತು.

"ನಿಮ್ಮ ಮನಿಯಾಕಿ ಅದಕ್ಕ ಏನು ಹಾಕ್ತಿದ್ದಳು?"

"ಏನಂದ್ರಿ?"

"ಸಾರಿಗೆ, ಸಾರಿಗೆ."

ನಜೀರಸಾಬ ಸಂಕೋಚದಿಂದ ಮುದ್ದೆಯಾದ. "ಖಾರ, ಉಪ್ಪು... ಮತ್ತ ಹುಣಸಿಹಣ್ಣು ರಿ."

ಅನಸೂಯಾಬಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಅತ್ತರೆಂದು ಇವನು ಗಾಬರಿಯಾದ. ನೋಡಿದರೆ ಅವರ ಹೆಗಲು ನಗೆಯಿಂದ ಕುಲುಕುತ್ತಿತ್ತು.

"ಹಂಗಾದ್ರ ಪೂಜಿಗೆ ಇಡ್ತೀರೇನ್ರಿ ಇವನ್ನ?"

"ಇಡ್ತೇನಿ. ತಾನ ಮೀನಾಗಿ ಬಂದಿದ್ದ ದೇವರಿಗೆ ನಾವು ಮುಚ್ಚಿಡೋದು ಏನದ?" ಎಂದು, ಎಲ್ಲಕ್ಕೂ ಸಣ್ಣ ರೀಲನ್ನು ಹುಡುಕಿ ಅವನ ಮುಂದಕ್ಕೆ ಸರಿಸಿದರು. "ಇದನ್ನ ಒಮ್ಮೆ ತಿರುಗಿಸ್ರಿ. ಹೊಳಿಗೆ ಹೋಗಲಿಕ್ಕೆ ಆಗದ ದಿನ ಅವರು ಅಟ್ಟದ ಮ್ಯಾಲೆ ಕೂತು ಇದನ್ನ ತಿರುಗಿಸ್ತಿದ್ರು. ನಾ ಕೆಳಗ ಅಡಿಗಿಮನ್ಯಾಗ ಕೇಳ್ತಿದ್ದೆ."

ನಜೀರಸಾಬ ಹಿಡಿಕೆ ತಿರುವಿದ. ಕಿರ್‍ರ್ ಎಂಬ ಸಪ್ಪಳ ಪಡಸಾಲೆ ದಾಟಿ ಒಳಮನೆಯವರೆಗೆ ಹೋಯಿತು. ಬಾಯಿಯವರು ಬಾಗಿಲ ಚೌಕಟ್ಟಿಗೆ ತಲೆಯಾನಿಸಿ, ಕಣ್ಣು ಮುಚ್ಚಿ ಕೂತು ಕೇಳಿದರು.

ಸಾಲೆಯಲ್ಲಿ ಮಾಸ್ತರನಾಗಿದ್ದ ಮಗ ವಿಠ್ಠಲ ಒಳಗಿನಿಂದ ಬಂದ. "ಏನವ್ವಾ ಅದು, ಸಪ್ಪಳ?"

"ನಿಮ್ಮಪ್ಪನ ಹೊಳಿ ಅಳೆಯೋ ಯಂತ್ರ," ಎಂದರು ಅನಸೂಯಾಬಾಯಿ, ಕಣ್ಣು ತೆರೆಯದೆ. "ಬೇಕಾದ್ರ ನಜೀರಸಾಬ್ರನ್ನ ಕೇಳು."

ವಿಠ್ಠಲ ಇವನ ಕಡೆ ನೋಡಿದ.

"ಹೌದ್ರಿ ಮಾಸ್ತರ," ಎಂದ ನಜೀರಸಾಬ. ಈ ಸಲ ಅವನ ಬಾಯಿ ಒಣಗಲಿಲ್ಲ. ತಲೆ ತಗ್ಗಿಸಿ, ಹಿಡಿಕೆಯನ್ನು ಮತ್ತೊಮ್ಮೆ ನಿಧಾನವಾಗಿ ತಿರುವಿದ.