ಎರಡು ಕ್ಯಾಮೆರಾ, ಒಂದು ಡೊಂಕು ಹಲ್ಲು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಹಲ್ಲು ಕಳೆದುಕೊಂಡವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದವನನ್ನು ಎಲ್ಲರೂ ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದು ರೇಡಿಯೊ ಒಂದೇ. ಬೆಳಗ್ಗೆ ಬಂದರೆ ಮೇಣ ಕರಗಿಸುವುದು, ಅಚ್ಚು ತೆಗೆಯುವುದು, ಉಜ್ಜುವುದು, ಮತ್ತೆ ಉಜ್ಜುವುದು. ಊರಿನ ಅರ್ಧ ಜನರ ಬಾಯಿಯ ಅಳತೆ ಅವನ ಬೆರಳಿಗೆ ಗೊತ್ತಿತ್ತು. ಆ ಬಾಯಿಗಳ ಜೊತೆ ನಾಲ್ಕು ಮಾತಾಡುವುದು ಮಾತ್ರ ಅವನಿಂದಾಗದ ಕೆಲಸ.

ಅವನಿಗಿದ್ದ ಒಂದೇ ಒಂದು ಖುಷಿ ಫೋಟೊ. ಹೊಸ ಹಲ್ಲು ಸರಿಯಾಗಿ ಕೂತಿತೆಂದರೆ ಡಾಕ್ಟರು, "ಹೋಗಿ, ಹಲ್ಲಣ್ಣನ ಹತ್ರ ಒಂದು ಫೋಟೊ ತೆಗೆಸ್ಕೊಳ್ಳಿ" ಎಂದು ಒಳಗೆ ಕಳಿಸುತ್ತಿದ್ದರು. ಕ್ಯಾಮೆರಾ ಹಳೆಯ ಡಿಎಸ್ಎಲ್ಆರ್. ಬಂದ ಕಾಲಕ್ಕೇ ಅದು ಹೊಸದಾಗಿ ಕಲಿಯುವವರ ಅಗ್ಗದ ಮಾಲು; ಈಗಂತೂ ಮೂಲೆಗಳು ಸವೆದು ಬಿಳಿಚಿಕೊಂಡಿದ್ದವು, ಕಿತ್ತುಬಂದ ಹಿಡಿಯ ರಬ್ಬರನ್ನು ಅವನು ಹಲ್ಲಿನ ಅಂಟಿನಿಂದಲೇ ಕೂರಿಸಿದ್ದ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕಿಂಡಿಗಿಟ್ಟರೆ ಅವನ ಅರ್ಧ ಮುಖ ಕ್ಯಾಮೆರಾದ ಹಿಂದೆ ಮಾಯ. "ನಗಿ" ಎನ್ನುತ್ತಿದ್ದ. ಅವರು ನಗುತ್ತಿದ್ದರು. ಟಪ್! ಅಷ್ಟು ಹೊತ್ತು ಒಬ್ಬ ಮನುಷ್ಯ ಅವನ ಕಡೆ ತಿರುಗಿ ಬಾಯಿ ತುಂಬ ನಗುತ್ತಿದ್ದ, ಇವನು ಮುಖ ತೋರಿಸಬೇಕಾಗಿರಲಿಲ್ಲ. ಹಲ್ಲಣ್ಣನಿಗೆ ಅಷ್ಟೇ ಸಾಕಾಗಿತ್ತು.

ಹೀಗಿರುವಾಗ ಬಲಗಣ್ಣು ಕೈಕೊಟ್ಟಿತು. ನೋಟದ ನಟ್ಟನಡುವೆ ಮಸಿಯ ಬೊಟ್ಟು ಇಟ್ಟ ಹಾಗೆ ಶುರುವಾದದ್ದು, ತಿಂಗಳೊಪ್ಪತ್ತಿನಲ್ಲಿ ಎದುರಿದ್ದವರ ಮುಖವನ್ನೇ ನುಂಗಿತು. ಕಣ್ಣಿನ ಡಾಕ್ಟರು, "ಇರೋದನ್ನ ಉಳಿಸ್ಕೊಳ್ಳೋಣ. ಹೋಗಿದ್ದು ಬರಲ್ಲ" ಎಂದುಬಿಟ್ಟರು. ಕೆಲಸವೇನೋ ಎಡಗಣ್ಣು, ಭೂತಗನ್ನಡಿಯಿಂದ ಹೇಗೋ ನಡೆಯಿತು. ಕ್ಯಾಮೆರಾ ಒಪ್ಪಲಿಲ್ಲ. ಎಡಗಣ್ಣು ಇಟ್ಟರೆ ಮೂಗು ಅಡ್ಡ ಬರುತ್ತಿತ್ತು. ಬಲಗಣ್ಣಿನ ಚಾಳಿಗೆ ಬಿದ್ದ ಕೈ ಎಲ್ಲೆಲ್ಲೋ ವಾಲುತ್ತಿತ್ತು. ಹಿಂದಿನ ಪರದೆ ನೋಡಿ ತೆಗೆಯೋಣವೆಂದರೆ, ಆ ಹಳೆಯ ಯಂತ್ರ ತೆಗೆದಾದ ಮೇಲಷ್ಟೇ ಚಿತ್ರ ತೋರಿಸುವಂಥದ್ದು. ಒಬ್ಬ ಲಾರಿ ಡ್ರೈವರನ ಫೋಟೊದಲ್ಲಿ ಗಲ್ಲ ಮತ್ತು ಅಂಗಿಯ ಗುಂಡಿ ಮಾತ್ರ ಬಂತು. "ಬಾಯಿಗೆ ಹಲ್ಲು ಬಂತಲ್ಲ ಬಿಡಿ, ಫೋಟೊದಲ್ಲಿ ತಲೆ ಕಟ್ಕೊಂಡು ಏನಾಗ್ಬೇಕು!" ಎಂದು ಡ್ರೈವರ ನಕ್ಕ. ಹೊರಗೆ ಕಾಯುತ್ತಿದ್ದವರೂ ನಕ್ಕರು. ಹಲ್ಲಣ್ಣ ಕ್ಯಾಮೆರಾ ಒಯ್ದು ಕಪಾಟಿನಲ್ಲಿಟ್ಟ.

ಸುದ್ದಿ ತಿಳಿದು ಅಕ್ಕನ ಮಗಳು ಒಂದು ಸಂಜೆ ಬಂದಳು. ಚೀಲದಿಂದ ಟೀ ಲೋಟದಷ್ಟು ದೊಡ್ಡ ಕರಿ ಲೆನ್ಸೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನನ್ ಹತ್ರ ಸುಮ್ನೆ ಬಿದ್ದಿತ್ತು ಮಾವ. ಇಟ್ಕೊಳ್ಳಿ."

"ಇದರ ಕ್ಯಾಮೆರಾ ಎಲ್ಲೇ?"

"ಇದೇ ಕ್ಯಾಮೆರಾ. ಎಲ್ಲಾ ಇದರ ಹೊಟ್ಟೇಲೇ ಇದೆ. ನೋಡೋಕೆ ಮಾತ್ರ ಫೋನು. ಫೋನಿಗೆ ಸಿಕ್ಕಿಸ್ಬಹುದು, ಇಲ್ಲಾ ಇದನ್ನ ಅಲ್ಲೆಲ್ಲೋ ಇಟ್ಟು ಫೋನ್ ಹಿಡ್ಕೊಂಡು ಇಲ್ಲಿ ಕೂತ್ಕೋಬಹುದು."

"ತಲೆ ಅಲ್ಲಿ, ಮುಂಡ ಇಲ್ಲಿ! ಚೆನ್ನಾಗಿದೆ."

ಇಬ್ಬರೂ ಪಂದ್ಯ ಹೂಡಿದವರಂತೆ ಮೂಲೆಯ ರೇಡಿಯೊವನ್ನು ಎರಡರಲ್ಲೂ ತೆಗೆದರು. ಆ ಮಬ್ಬಿನಲ್ಲಿ ಹಳೆಯದರ ಚಿತ್ರದ ಮೇಲೆ ಮರಳು ಎರಚಿದ ಹಾಗಿತ್ತು. ಹೊಸದು ಗುಂಡಿಯ ಮೇಲಿನ ಧೂಳನ್ನೂ ತಿಳಿಯಾಗಿ ತೋರಿಸಿತು. ಜೇಬಿಗೆ ಹಾಕಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ ಬೇರೆ. ಆದರೆ ಅದಕ್ಕೂ ಫೋನಿಗೂ ನಂಟು ಕೂಡಿಸುವುದರಲ್ಲಿ ಸಾಕುಸಾಕಾಯಿತು. ಕೂಡಿದ ಮೇಲೂ, ಗುಂಡಿ ಒತ್ತಿದರೆ ತುಸು ಯೋಚಿಸಿಯೇ ಚಿತ್ರ ಹಿಡಿಯುತ್ತಿತ್ತು. ಬ್ಯಾಟರಿಯೋ, ನೋಡನೋಡುತ್ತಲೇ ಇಳಿಯಿತು.

"ಏನೇ ಹೇಳಿ, ಚಿತ್ರ ಇದರದ್ದೇ ಚೆನ್ನ" ಎಂದಳು ಅವಳು.

"ಚಿತ್ರ ಚೆನ್ನ ಕಣೇ. ಮನುಷ್ಯರು ರೇಡಿಯೊ ಥರ ಕಾಯ್ತಾ ಕೂತಿರ್ತಾರಾ?"

"ಕುಣಿಯೋಕೆ ಬಾರದವರಿಗೆ ನೆಲ ಡೊಂಕು!"

ಅವಳ ಫೋನು ಮೊಳಗಿತು. ಯಾರಿಗೋ "ಬಂದೆ ಬಂದೆ" ಎನ್ನುತ್ತಾ, ಅರ್ಧ ಟೀ ಹಾಗೇ ಬಿಟ್ಟು ಮೆಟ್ಟಿಲಿಳಿದಳು. ಇನ್ನೊಂದು ಮಾತು ಅವನ ಬಾಯಲ್ಲೇ ಉಳಿಯಿತು. ಆ ಪುಟ್ಟ ಲೆನ್ಸಿನ ಹಿಂದೆ ಮುಖ ಮರೆಸಿಕೊಳ್ಳಲು ಜಾಗವಿರಲಿಲ್ಲ. ಅದರಲ್ಲಿ ತೆಗೆಯುವುದೆಂದರೆ ನಗುವವರೆದುರು ಬೋಳು ಮುಖ ಹಿಡಿದು ನಿಲ್ಲುವುದು.

ಟೀಚರಮ್ಮ ಬಂದದ್ದು ಆ ದಿನಗಳಲ್ಲಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಮಾತು ಖಡಕ್ಕು. ಹಲ್ಲೆಲ್ಲ ತೆಗೆಸಿಯಾಗಿತ್ತು. ತಮ್ಮದೊಂದು ಹಳೆಯ ಫೋಟೊ ತಂದು ಡಾಕ್ಟರ ಮುಂದೆ ಹಿಡಿದರು. ಅದರಲ್ಲಿ ಮೇಲಿನ ಒಂದು ಮುಂದಿನ ಹಲ್ಲು, ಸಾಲಿನಲ್ಲಿ ನುಗ್ಗುವವರ ಹಾಗೆ ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು.

"ನನಗೆ ಹೀಗೇ ಬೇಕು. ಡೊಂಕಿನ ಸಮೇತ."

"ಜನ ಡೊಂಕು ಸರಿ ಮಾಡಿಸೋಕೆ ಬರ್ತಾರೆ, ನೀವು ಮಾಡಿಸ್ಕೊಳ್ಳೋಕೆ ಬಂದಿದ್ದೀರಲ್ಲ!" ಎಂದರು ಡಾಕ್ಟರು.

ಟೀಚರಮ್ಮ ನಗಲಿಲ್ಲ. ಅವರ ಯಜಮಾನರಿಗೆ ಮರೆವಿನ ಕಾಯಿಲೆ. ಅಂಥವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಇದ್ದರು. ಈಕೆ ಬೊಚ್ಚು ಬಾಯಲ್ಲಿ ಹೋದ ದಿನ, "ಯಾರು ನೀವು?" ಎಂದು ಕೇಳಿದ್ದರಂತೆ.

"ಮರೆವಿಗೆ ಹಲ್ಲು ಔಷಧಿ ಅಲ್ಲ ಟೀಚರಮ್ಮ" ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

"ಗೊತ್ತು. ಆದ್ರೂ ನನ್ನ ಕಡೆಯಿಂದ ಕೊರತೆ ಇರಬಾರದು."

ಹಲ್ಲಣ್ಣ ಆ ಫೋಟೊವನ್ನು ದೀಪಕ್ಕೆ ಒರಗಿಸಿಕೊಂಡು ಕೂತ. ನೇರ ಹಲ್ಲು ಕೂರಿಸಿ ಪಳಗಿದ ಕೈಗೆ ಡೊಂಕು ಸಲೀಸಾಗಿ ಬರಲಿಲ್ಲ. ಮೇಣದಲ್ಲಿ ಕೂರಿಸಿದ, ಕಿತ್ತ, ಮತ್ತೆ ಕೂರಿಸಿದ. ಕೊನೆಗೆ ಸೆಟ್ಟು ಹಾಕಿಕೊಂಡ ಟೀಚರಮ್ಮ ಕನ್ನಡಿ ಹಿಡಿದು, ಆ ಹಲ್ಲಿನ ಮೇಲೆ ನಾಲಿಗೆ ಆಡಿಸಿ, "ಫೋಟೊದವಳು ಬಂದ್ಲು" ಎಂದರು. ಅಷ್ಟೇ. ಆಮೇಲೆ ಅವನ ಕಡೆ ತಿರುಗಿ, "ಫೋಟೊ ಇಲ್ಲಿ ಬೇಡ. ಭಾನುವಾರ ಅಲ್ಲಿಗೇ ಬನ್ನಿ. ಅವರ ಜೊತೆ ತೆಗೀರಿ" ಎಂದರು. ಹಲ್ಲಣ್ಣ ಹೂಂ ಎಂದ.

ಭಾನುವಾರ ಎರಡೂ ಕ್ಯಾಮೆರಾ ಹೊತ್ತು ಹೋದ. ಉದ್ದನೆಯ ಬೆಳಕಿನ ಹಜಾರ, ಗೋಡೆಯುದ್ದಕ್ಕೂ ಕುರ್ಚಿಗಳು. ಕತ್ತಿನವರೆಗೂ ಗುಂಡಿ ಹಾಕಿದ್ದ ಮುದುಕರೊಬ್ಬರು ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಅವರೇ ಯಜಮಾನರು. ಟೀಚರಮ್ಮ ಎದುರಿಗೆ ಕೂತರು. ಹಲ್ಲಣ್ಣ ಪುಟ್ಟ ಲೆನ್ಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಫೋನು ಕೈಯಲ್ಲಿ ಹಿಡಿದು, ಡಿಎಸ್ಎಲ್ಆರನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ.

ಮುದುಕರು ಆಕೆಯನ್ನೇ ದಿಟ್ಟಿಸಿದರು. ಟೀಚರಮ್ಮ ತುಸು ನಕ್ಕರು.

"ನಿಮ್ಮ ನಗು ಚೆನ್ನಾಗಿದೆ" ಎಂದರು ಮುದುಕರು, ಪರಿಚಯವಿಲ್ಲದ ಹೆಂಗಸಿನೊಡನೆ ಆಡುವ ಮರ್ಯಾದೆಯಲ್ಲಿ. "ನಮ್ಮನೆಯವಳದ್ದೂ ಥೇಟ್ ಹೀಗೇ. ಒಂದು ಹಲ್ಲು ಸ್ವಲ್ಪ ಡೊಂಕು."

"ಹೌದಾ? ಎಲ್ಲಿದ್ದಾರೆ ಅವರು?"

"ಬರ್ತಾಳೆ. ಈಗ ಬರ್ತಾಳೆ."

ಟೀಚರಮ್ಮ ನಕ್ಕುಬಿಟ್ಟರು, ಬಾಯಿ ತುಂಬ, ತಡೆಯಲಾಗದೆ. ಹಲ್ಲಣ್ಣ ಫೋನು ಒತ್ತಿದ. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಯೋಚಿಸದೆ ತೊಡೆಯ ಮೇಲಿದ್ದುದನ್ನು ಎತ್ತಿ ಬಲಗಣ್ಣಿಗೆ ಇಟ್ಟ. ಕತ್ತಲೆ. ಆ ಕತ್ತಲೆಗೇ ಗುರಿಯಿಟ್ಟು ಒತ್ತಿದ. ಟಪ್!

ಮುದುಕರು ಬೆಚ್ಚಿಬಿದ್ದರು. "ಯಾರು ಬಾಗಿಲು ಹಾಕಿದ್ದು? ಅವಳು ಹೇಗೆ ಬರ್ತಾಳೆ ಈಗ?"

"ಹಾಕಿಲ್ಲ, ನೋಡಿ, ತೆಗೆದೇ ಇದೆ" ಎಂದು ಟೀಚರಮ್ಮ ಅವರ ಕೈ ಹಿಡಿದರು. ಇಬ್ಬರೂ ಬಾಗಿಲ ಕಡೆ ನೋಡಿದರು. ಕಿಟಕಿಯ ಮೇಲಿದ್ದ ಲೆನ್ಸು ಆಗ ತನ್ನ ಚಿತ್ರ ಹಿಡಿಯಿತು.

ಮಾರನೆಯ ದಿನ ಎರಡನ್ನೂ ಪ್ರಿಂಟ್ ಹಾಕಿಸಿ ಅಕ್ಕಪಕ್ಕ ಇಟ್ಟ. ಹಳೆಯದರಲ್ಲಿ ಟೀಚರಮ್ಮನ ಮೂಗಿನಿಂದ ಮೇಲೆ ಏನೂ ಇರಲಿಲ್ಲ. ನಗು ಮಾತ್ರ ಇತ್ತು, ಡೊಂಕು ಹಲ್ಲಿನ ಮೇಲೆ ಬೆಳಕು ಬಿದ್ದು ಮಿನುಗುತ್ತಿತ್ತು. ಅಂಚಿನಲ್ಲಿ ಮುದುಕರ ನಾಲ್ಕು ಬೆರಳು. ಹೊಸದರಲ್ಲಿ ಇಬ್ಬರೂ ಪೂರ್ತಿಯಾಗಿ, ಕೆನ್ನೆಯ ಸುಕ್ಕು ಸಮೇತ ತಿಳಿಯಾಗಿ ಬಂದಿದ್ದರು. ಬಾಯಿ ಮುಚ್ಚಿತ್ತು. ನಾಲ್ಕು ಕಣ್ಣುಗಳೂ ಚಿತ್ರದಾಚೆ ಯಾರನ್ನೋ ಕಾಯುತ್ತಿದ್ದವು.

ಕ್ಲಿನಿಕ್ಕಿಗೆ ಬಂದ ಟೀಚರಮ್ಮ ಎರಡನ್ನೂ ಎತ್ತೆತ್ತಿ ನೋಡಿದರು. ಆಮೇಲೆ ಇಬ್ಬರೂ ಬಾಗಿಲು ನೋಡುತ್ತಿದ್ದ ಚಿತ್ರವನ್ನು ಚೀಲಕ್ಕೆ ಹಾಕಿಕೊಂಡರು.

"ನಗು ನನಗೇನು, ಕನ್ನಡೀಲೂ ಸಿಗುತ್ತೆ. ಅವರು ಸಿಗಲ್ಲ" ಎಂದರು. "ಬರೋ ಭಾನುವಾರ ಬರ್ತೀರಾ?"

"ಯಾವ ಕ್ಯಾಮೆರಾ ತರಲಿ?"

"ಯಾವುದೂ ಬೇಡ. ಒಬ್ಬಳೇ ಕೂತು ಕೂತು ಸಾಕಾಗಿದೆ."

ಹಲ್ಲಣ್ಣ ಬರಿಗೈಯಲ್ಲಿ ಹೋದ. ಮುದುಕರು ಅವನನ್ನೂ ಆಕೆಯನ್ನೂ ಬಹಳ ಹೊತ್ತು ಒಬ್ಬರಾದ ಮೇಲೊಬ್ಬರಂತೆ ನೋಡಿ ಕೇಳಿದರು: "ನೀವು ಇವರ ಯಜಮಾನ್ರಾ?"

ಅವನ ಕಿವಿ ಬಿಸಿಯಾಯಿತು. ಟೀಚರಮ್ಮ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದರು.

"ಅಲ್ಲ ಸರ್. ನಾನು ಇವರಿಗೆ ಹಲ್ಲು ಮಾಡಿಕೊಟ್ಟವನು."

ಮುದುಕರು ತಲೆದೂಗಿದರು. "ಒಳ್ಳೆ ಕೆಲಸ. ಕೂತ್ಕೊಳ್ಳಿ. ಅವಳೂ ಬರಲಿ, ಎಲ್ಲರೂ ಟೀ ಕುಡಿಯೋಣ."

ನೋಡಿಕೊಳ್ಳುವ ಹುಡುಗಿ ಮೂರು ಕಪ್ಪು ಟೀ ತಂದಳು. ಮುದುಕರು ಇನ್ನೊಂದು ತರಿಸಿ ಖಾಲಿ ಕುರ್ಚಿಯ ಮುಂದೆ ಇಡಿಸಿದರು. ಮೂವರೂ ಬಾಗಿಲು ನೋಡುತ್ತಾ ಕೂತಿದ್ದರು. ಹೊರಡುವ ಗಂಟೆ ಬಾರಿಸಿದಾಗ ಟೀಚರಮ್ಮ ಎದ್ದು, ಆರಿಹೋಗಿದ್ದ ಆ ನಾಲ್ಕನೆಯ ಕಪ್ಪನ್ನು ಎತ್ತಿ, ನಿಂತಲ್ಲೇ ಕುಡಿದು ಕೆಳಗಿಟ್ಟರು.

"ನಡೀರಿ" ಎಂದರು ಹಲ್ಲಣ್ಣನಿಗೆ. "ಬಸ್ಸು ತಪ್ಪುತ್ತೆ."